ಯುದ್ಧದ ಲಕ್ಷಣ ಮತ್ತು ಕಾರಣ : ಒಂದು ವಿವೇಚನೆ

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಕಂಚಿನ ಯೋಧರು ಹೈದರಾಬಾದು, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳ ಪ್ರತೀಕಗಳೆಂಬುದನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದ ಮತ್ತು ಮೈಸೂರಿನ ರಾವುತರು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕಿಯ ಸೈನ್ಯದಿಂದ ಗೆದ್ದುಕೊಂಡರು. ಅಂದು ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಮೇಲಣ ಫಿರಂಗಿಗಳನ್ನು ಹಿಡಿಯಲು ಕಡಿದಾದ ಏರನ್ನು ಹತ್ತಿಹೋಯಿತು. ಅವರ ಶೌರ್ಯದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಮೈಸೂರಿಗೂ ತುರ್ಕಿಗೂ ಇದ್ದ ವೈರವಾದರೂ ಏನು? ಈ ಪ್ರಶ್ನೆಗೆ ಉತ್ತರ ಹೇಳಹೊರಟರೆ ಅದಕ್ಕಿಂತ ಮೂಲಭೂತವಾದ ಎರಡು ಪ್ರಶ್ನೆಗಳು ಎದುರಾಗುತ್ತವೆ: ಯುದ್ಧವೆಂದರೇನು? ರಾಷ್ಟ್ರಗಳು ಯುದ್ಧಕ್ಕೆ ಇಳಿಯುವುದೇಕೆ?

ಯುದ್ಧದ ಲಕ್ಷಣ

ರಕ್ತಪಾತವಾದಲ್ಲೆಲ್ಲ ಯುದ್ಧವಾಯಿತೆನ್ನಲಾಗದು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ತುರುಗೋಳಿನಲ್ಲಿ ದನಗಳನ್ನು ಬಿಡಿಸಿ ಮಡಿದವನೂ ಉಂಟು, ಅರಸನ ದಂಡಿನಲ್ಲಿ ಕಾದಿ ಮಡಿದವನೂ ಉಂಟು. ಸಾವು ಒಂದೇ, ಕಲ್ಲೂ ಒಂದೇ ಬಗೆಯದು. ಭೇದವಿರುವುದು ಯಾರ ಪರವಾಗಿ, ಯಾವ ಉದ್ದೇಶಕ್ಕಾಗಿ ಆಯುಧವನ್ನು ಎತ್ತಲಾಯಿತೆಂಬುದರಲ್ಲಿ. ಪ್ರಷ್ಯದ ಸೇನಾನಿ ಕ್ಲಾಸೆವಿಟ್ಸನ ಗ್ರಂಥವು ಆತನ ಮರಣಾನಂತರ 1832ರಲ್ಲಿ ಪ್ರಕಟವಾಗತೊಡಗಿತು. ಎದುರಾಳಿಯು ನಮ್ಮ ಇಚ್ಛೆಗೆ ಮಣಿಯುವಂತೆ ಮಾಡುವ ಬಲಪ್ರಯೋಗವೇ ಯುದ್ಧವೆಂದೂ, ಅದು ರಾಜನೀತಿಯು ಹಿಡಿಯುವ ಮತ್ತೊಂದು ಸಾಧನವೆಂದೂ ಆತನು ಅದರಲ್ಲಿ ಪ್ರತಿಪಾದಿಸಿದನು.

ನ್ಯಾಯಶಾಸ್ತ್ರಜ್ಞರು ಬೇರೊಂದು ಲಕ್ಷಣವನ್ನು ಹುಡುಕಿದರು. 1907ರ ಹೇಗ್ ಒಡಂಬಡಿಕೆಯ ಪ್ರಕಾರ ಮುನ್ಸೂಚನೆಯಿಲ್ಲದೆ ಕಾಳಗವನ್ನು ಆರಂಭಿಸಕೂಡದು. ಆದರೆ ಘೋಷಣೆಯೇ ಯುದ್ಧದ ಲಕ್ಷಣವಾದರೆ, ಘೋಷಿಸದೆ ಕಾದುವವನು ಯುದ್ಧವನ್ನೇ ಮಾಡಿಲ್ಲವೆಂದು ವಾದಿಸಬಹುದು. 1937ರಲ್ಲಿ ಚೀನದ ಮೇಲೆ ದಂಡೆತ್ತಿದ ಜಪಾನು ಅದನ್ನು ಕೇವಲ ಒಂದು 'ಘಟನೆ'ಯೆಂದು ಕರೆಯಿತು. 1962ರಲ್ಲಿ ಭಾರತ ಮತ್ತು ಚೀನಗಳು ವಿಧಿಪೂರ್ವಕ ಘೋಷಣೆಯಿಲ್ಲದೆಯೇ ಕಾದಿದವು. ಈ ತೊಡಕನ್ನು ಕಂಡೇ 1949ರ ಜಿನೀವಾ ಒಡಂಬಡಿಕೆಗಳು, ಒಂದು ಪಕ್ಷವು ಯುದ್ಧಸ್ಥಿತಿಯನ್ನು ಒಪ್ಪದಿದ್ದರೂ ಸಶಸ್ತ್ರ ಸಂಘರ್ಷಕ್ಕೆ ತಮ್ಮ ನಿಯಮಗಳು ಅನ್ವಯಿಸುವುವೆಂದು ವಿಧಿಸಿದವು.

ಇನ್ನು ಕೆಲವರು ಎಣಿಕೆಯನ್ನು ಆಶ್ರಯಿಸಿದರು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ 1963ರಲ್ಲಿ ಆರಂಭವಾದ ಒಂದು ಸಂಶೋಧನ ಯೋಜನೆಯು, ಕದನದಲ್ಲಿ ಕನಿಷ್ಠ 1,000 ಯೋಧರು ಮಡಿದಿದ್ದರೆ ಅದನ್ನು ಯುದ್ಧವೆಂದು ಪರಿಗಣಿಸಿತು. ಅಧ್ಯಯನಕ್ಕೆ ಇಂಥ ಗೆರೆ ಬೇಕು. ಆದರೆ 1982ರ ಫಾಕ್‌ಲೆಂಡ್ ದ್ವೀಪಗಳ ಹೋರಾಟದಲ್ಲಿ ಮಡಿದವರು ಸುಮಾರು 900 ಮಂದಿ. ಅದು ಯುದ್ಧವಲ್ಲವೆಂದು ಯಾರು ಹೇಳಿಯಾರು?

ಇವೆಲ್ಲವನ್ನೂ ತೂಗಿನೋಡಿದರೆ, ಒಂದು ರಾಜಕೀಯ ಸಮುದಾಯವು ತನ್ನ ಉದ್ದೇಶಸಾಧನೆಗಾಗಿ ಮತ್ತೊಂದರ ಮೇಲೆ ಸಂಘಟಿತ ಶಸ್ತ್ರಬಲವನ್ನು ಪ್ರಯೋಗಿಸುವುದು, ಆ ಮತ್ತೊಂದು ಶಸ್ತ್ರಬಲದಿಂದಲೇ ಅದನ್ನು ಎದುರಿಸುವುದು—ಇದೇ ಯುದ್ಧವೆಂದು ಹೇಳಬಹುದು. ಈ ಲಕ್ಷಣದಲ್ಲಿ ಮುಖ್ಯವಾದ ಮಾತು 'ಉದ್ದೇಶ'. ಯುದ್ಧವು ಬರಗಾಲದಂತೆ ತಾನಾಗಿ ಬಂದೆರಗುವುದಲ್ಲ. ಯಾರೋ ಅದನ್ನು ನಿರ್ಧರಿಸುತ್ತಾರೆ.

ನೆಪವೂ ಕಾರಣವೂ

ಹಾಗಾದರೆ ಅವರು ಹಾಗೇಕೆ ನಿರ್ಧರಿಸುತ್ತಾರೆ? ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಯ ಪ್ರತಿಯ ಆಧಾರದಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ವಿಗ್ರಹವನ್ನು ರಾಜನೀತಿಯ ಆರು ಗುಣಗಳಲ್ಲಿ ಒಂದನ್ನಾಗಿ ಮಾತ್ರ ಎಣಿಸುತ್ತದೆ. ಸಂಧಿಯಿಂದಲೂ ವಿಗ್ರಹದಿಂದಲೂ ಲಾಭವು ಸಮನಾಗಿದ್ದರೆ ಸಂಧಿಯನ್ನೇ ಆರಿಸಬೇಕು. ಏಕೆಂದರೆ ವಿಗ್ರಹದಲ್ಲಿ ಜನಕ್ಷಯ, ಧನವ್ಯಯ, ಪರದೇಶವಾಸ ಮೊದಲಾದ ಕೇಡುಗಳುಂಟೆಂಬುದು ಆತನ ಮತ. ಇಲ್ಲಿ ಯುದ್ಧವು ಲಾಭನಷ್ಟಗಳ ಲೆಕ್ಕ.

ಗ್ರೀಸಿನ ಇತಿಹಾಸಕಾರ ಥ್ಯೂಸಿಡಿಡೀಸನು ಲಾಭದೊಡನೆ ಭಯ ಮತ್ತು ಮಾನ ಎಂಬ ಇನ್ನೆರಡು ಪ್ರೇರಣೆಗಳನ್ನು ಹೇಳುತ್ತಾನೆ. ಕ್ರಿಸ್ತಪೂರ್ವ 431ರಲ್ಲಿ ಅಥೆನ್ಸಿಗೂ ಸ್ಪಾರ್ಟಕ್ಕೂ ಯುದ್ಧವಾದಾಗ ಕೊರ್ಸೈರ, ಪೊಟಿಡಿಯಗಳಿಗೆ ಸಂಬಂಧಿಸಿದ ಜಗಳಗಳು ಎಲ್ಲರ ಬಾಯಲ್ಲಿದ್ದವು. ಆದರೆ ನಿಜವಾದ ಕಾರಣವು ಅಥೆನ್ಸಿನ ಅಭ್ಯುದಯ ಮತ್ತು ಅದರಿಂದ ಸ್ಪಾರ್ಟಕ್ಕೆ ಹುಟ್ಟಿದ ಭಯ ಎಂದು ಆತನು ನಿರ್ಣಯಿಸಿದನು. ನೆಪವನ್ನೂ ಕಾರಣವನ್ನೂ ಬೇರ್ಪಡಿಸಿ ನೋಡುವ ಈ ದೃಷ್ಟಿಯೇ ಯುದ್ಧವಿಚಾರಕ್ಕೆ ಆತನ ದೊಡ್ಡ ಕೊಡುಗೆ.

ಹೈಫಾದ ಕಾಳಗವು ಯಾವ ಮಹಾಯುದ್ಧದ ಭಾಗವಾಗಿತ್ತೋ ಅದನ್ನು ಈ ದೃಷ್ಟಿಯಿಂದ ನೋಡೋಣ. 1914ನೆಯ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆಯಾಯಿತು, ಇದು ನೆಪ. ಒಂದು ತಿಂಗಳಿಗೆ ಸರಿಯಾಗಿ ಆಸ್ಟ್ರಿಯ ಸರ್ಬಿಯದ ಮೇಲೆ ಯುದ್ಧವನ್ನು ಸಾರಿತು. ಬಹು ಜನಾಂಗಗಳ ತನ್ನ ಸಾಮ್ರಾಜ್ಯವು ಒಡೆದೀತೆಂಬ ಭಯ ಅದಕ್ಕೆ. ಸ್ಲಾವರ ರಕ್ಷಕನೆಂಬ ಮಾನದ ಪ್ರಶ್ನೆ ರಷ್ಯಕ್ಕೆ. ರಷ್ಯದ ಸೈನ್ಯ ಮತ್ತು ರೈಲುಮಾರ್ಗಗಳು ಕೆಲವೇ ವರ್ಷಗಳಲ್ಲಿ ತನ್ನನ್ನು ಮೀರಿಸುವುವು, ಕಾದುವುದಾದರೆ ಈಗಲೇ ಲೇಸು ಎಂಬ ಲೆಕ್ಕ ಜರ್ಮನಿಯ ಸೇನಾನಾಯಕರದು. ಜರ್ಮನಿಯು ಬೆಲ್ಜಿಯಮ್ಮನ್ನು ಹೊಕ್ಕಾಗ, 1839ರ ಒಪ್ಪಂದದ ಮಾತನ್ನೂ ತನ್ನ ಕಡಲ್ಗಾಲುವೆಯ ಸುರಕ್ಷಿತತೆಯನ್ನೂ ನೆನೆದು ಬ್ರಿಟನ್ನು ಆಗಸ್ಟ್ 4ರಂದು ಕಣಕ್ಕಿಳಿಯಿತು. ಎಲ್ಲರೂ ತಾವು ಆತ್ಮರಕ್ಷಣೆ ಮಾಡಿಕೊಳ್ಳುತ್ತಿರುವುದಾಗಿಯೇ ಹೇಳಿದರು.

ಯುದ್ಧದಿಂದ ಉಭಯ ಪಕ್ಷಗಳಿಗೂ ನಷ್ಟವಿರುವಾಗ ಅವು ಮೊದಲೇ ರಾಜಿಯಾಗುವುದಿಲ್ಲವೇಕೆ? ಅಮೆರಿಕದ ವಿದ್ವಾಂಸ ಜೇಮ್ಸ್ ಫಿಯರನ್ 1995ರಲ್ಲಿ ಇದನ್ನು ಚರ್ಚಿಸಿ ಎರಡು ಮುಖ್ಯ ಅಡ್ಡಿಗಳನ್ನು ಎತ್ತಿ ತೋರಿಸಿದರು. ತನ್ನ ನಿಜವಾದ ಬಲವನ್ನೂ ದೃಢತೆಯನ್ನೂ ಯಾವ ರಾಷ್ಟ್ರವೂ ಎದುರಾಳಿಗೆ ಬಿಚ್ಚಿ ಹೇಳದು. ಇಂದು ಕೊಟ್ಟ ಮಾತನ್ನು ನಾಳೆ ಬಲಿಷ್ಠನಾದವನು ನಡೆಸುವನೆಂಬ ಭರವಸೆಯೂ ಇರದು. 1914ರಲ್ಲಿ ಈ ಎರಡು ಅಡ್ಡಿಗಳೂ ಇದ್ದವು.

ಉಪಸಂಹಾರ

ಈಗ ಮೈಸೂರಿನ ರಾವುತನ ಕಡೆಗೆ ಮರಳೋಣ. ಮೇಲೆ ಹೇಳಿದ ಭಯ, ಮಾನ, ಲಾಭಗಳಲ್ಲಿ ಒಂದೂ ಅವನ ಊರಿನದಲ್ಲ. ಬ್ರಿಟನ್ನು ಯುದ್ಧಕ್ಕಿಳಿದೊಡನೆ ಭಾರತವೂ ಕೇಳದೆಯೇ ಯುದ್ಧಕ್ಕೆ ಸೇರಿಹೋಯಿತು. ಅದರೊಡನೆ ಸಂಸ್ಥಾನಗಳೂ ಸೇರಿದವು. ನಿರ್ಧರಿಸುವವರು ಒಬ್ಬರು, ತೆರುವವರು ಇನ್ನೊಬ್ಬರು ಆದಾಗ ಕೌಟಿಲ್ಯನು ಹೇಳಿದ ಕ್ಷಯವ್ಯಯಗಳ ಲೆಕ್ಕವೇ ತಪ್ಪುತ್ತದೆ. ಯುದ್ಧದ ಭಾರವನ್ನು ಹೊರಬೇಕಾದ ಪ್ರಜೆಗಳ ಸಮ್ಮತಿಯು ಅವಶ್ಯವಾದಲ್ಲಿ ಅವರು ಸುಲಭವಾಗಿ ಒಪ್ಪಲಾರರೆಂದು ಜರ್ಮನ್ ತತ್ತ್ವಜ್ಞ ಕಾಂಟನು 1795ರಲ್ಲಿಯೇ ವಾದಿಸಿದ್ದನು. ಪ್ರಜೆಗಳೂ ಆವೇಶಕ್ಕೆ ಒಳಗಾಗುವುದುಂಟು. ಆದರೂ ಆ ವಾದದಲ್ಲಿ ಹುರುಳಿದೆ.

1945ರ ವಿಶ್ವಸಂಸ್ಥೆಯ ಸನ್ನದು ಆತ್ಮರಕ್ಷಣೆಯ ಹಾಗೂ ಸಾಮೂಹಿಕ ಭದ್ರತೆಯ ಸಂದರ್ಭಗಳನ್ನುಳಿದು ಬಲಪ್ರಯೋಗವನ್ನು ನಿಷೇಧಿಸಿತು. ಯುದ್ಧಗಳು ನಿಂತಿಲ್ಲ, ಅವು ಹೆಚ್ಚಾಗಿ ಆತ್ಮರಕ್ಷಣೆಯ ಹೆಸರನ್ನೇ ಧರಿಸಿ ಬರುತ್ತವೆ. ಆದುದರಿಂದ ಯುದ್ಧದ ಮಾತು ಕೇಳಿಬಂದಾಗ ನೆಪವನ್ನು ಬದಿಗಿಟ್ಟು ಮೂರನ್ನು ಕೇಳುವುದು ವಿಚಾರವಂತರ ಕರ್ತವ್ಯ: ಯಾರು ನಿರ್ಧರಿಸುತ್ತಿದ್ದಾರೆ, ಯಾವುದಕ್ಕೆ ಅಂಜಿ ನಿರ್ಧರಿಸುತ್ತಿದ್ದಾರೆ, ಬೆಲೆ ತೆರುವವರು ಯಾರು? ತೀನ್ ಮೂರ್ತಿಯ ಯೋಧರಿಗೆ ಈ ಪ್ರಶ್ನೆಗಳನ್ನು ಕೇಳುವ ಅವಕಾಶವಿರಲಿಲ್ಲ. ನಮಗಿದೆ.