ಮಿಶನ್ ಮತ್ತು ಇಂದಿನ ಕ್ರೈಸ್ತ ಸಭೆ: ಯಾವುದರಿಂದ ಓದು ಶುರುಮಾಡಬೇಕು?

ಮಿಶನ್ ಎಂದೊಡನೆ ಹಡಗಿನಿಂದಿಳಿದ ಯುರೋಪಿನ ಪಾದ್ರಿ, ಅವನ ಶಾಲೆ, ಆಸ್ಪತ್ರೆ, ಮುದ್ರಣಾಲಯ ನಮ್ಮ ಕಣ್ಮುಂದೆ ಬರುತ್ತವೆ. ಕರಾವಳಿಯವರಿಗೆ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆಯೂ ನೆನಪಾದೀತು. ಆದರೆ ಈಗ ಲೋಕದ ಕ್ರೈಸ್ತರಲ್ಲಿ ಹೆಚ್ಚಿನವರು ಇರುವುದು ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕಗಳಲ್ಲಿ. ಪಾದ್ರಿಗಳನ್ನು ಕಳಿಸಿದ ಯುರೋಪಿನಲ್ಲೇ ಎಷ್ಟೋ ಚರ್ಚುಗಳಿಗೆ ಬಾಗಿಲು ಬಿದ್ದಿದೆ. ಹಾಗಾದರೆ ಸುವಾರ್ತೆಯನ್ನು ಯಾರು ಯಾರಿಗೆ ಸಾರಬೇಕು?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿದವರು ಲೆಸ್ಲಿ ನ್ಯೂಬಿಗಿನ್. 1936ರಲ್ಲಿ ಸ್ಕಾಟ್ಲೆಂಡಿನ ಚರ್ಚಿನ ಪರವಾಗಿ ತಮಿಳುನಾಡಿಗೆ ಬಂದ ಇಂಗ್ಲೆಂಡಿನವರು. 1947ರಲ್ಲಿ ಹಲವು ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅದರ ಮೊದಲ ಬಿಷಪರಲ್ಲಿ ಒಬ್ಬರಾದರು. 1974ರಲ್ಲಿ ನಿವೃತ್ತರಾಗಿ, ಎರಡು ಪೆಟ್ಟಿಗೆ ಹಿಡಿದು ಹೆಂಡತಿಯೊಂದಿಗೆ ಬಸ್ಸುಗಳನ್ನು ಬದಲಿಸುತ್ತ ಇಂಗ್ಲೆಂಡ್ ಸೇರಿದರು. ಅಲ್ಲಿನ ಜನರ ತಣ್ಣನೆಯ ಉಪೇಕ್ಷೆ ಭಾರತದಲ್ಲಿ ತಾವು ಕಂಡ ವಿರೋಧಕ್ಕಿಂತ ಕಠಿಣವೆನಿಸಿತು ಅವರಿಗೆ.

ಅವರ ‘ದ ಗಾಸ್ಪೆಲ್ ಇನ್ ಎ ಪ್ಲೂರಲಿಸ್ಟ್ ಸೊಸೈಟಿ’ (1989) ಈ ಅನುಭವದ ಫಲ. ಮೊದಲ ಅಧ್ಯಾಯದಲ್ಲೇ ಒಂದು ಪ್ರಸಂಗವಿದೆ. ತರುಣ ನ್ಯೂಬಿಗಿನ್ ವಾರಕ್ಕೊಂದು ಸಂಜೆ ರಾಮಕೃಷ್ಣ ಮಠದಲ್ಲಿ ಸಂನ್ಯಾಸಿಗಳೊಂದಿಗೆ ನೆಲದ ಮೇಲೆ ಕುಳಿತು ಉಪನಿಷತ್ತನ್ನೂ ಸುವಾರ್ತೆಯನ್ನೂ ಓದುತ್ತಿದ್ದರು. ಮಹಾಪುರುಷರ ಸಾಲಿನಲ್ಲಿ ಯೇಸುವಿನ ಪಟವೂ ಅಲ್ಲಿತ್ತು. ಕ್ರಿಸ್‌ಮಸ್ ದಿನ ಅದಕ್ಕೆ ಪೂಜೆಯೂ ನಡೆಯುತ್ತಿತ್ತು. ಹಿಂದೂ ಲೋಕದೃಷ್ಟಿ ಯೇಸುವನ್ನು ತನ್ನೊಳಗೆ ಸುಲಭವಾಗಿ ಇಳಿಸಿಕೊಂಡಿದೆ ಎಂದು ಅವರಿಗೆ ಆಗ ಅನಿಸಿತ್ತು. ಆಧುನಿಕ ಪಶ್ಚಿಮವೂ ಅದನ್ನೇ ಮಾಡಿದೆ, ತಾನೂ ಆ ಪಶ್ಚಿಮದ ಮಗನೇ ಎಂಬುದು ಆಮೇಲೆ ಹೊಳೆಯಿತು. ಹಿಂದೂ ಓದುಗರು ಈ ಪ್ರಸಂಗದ ಬಗ್ಗೆ ತಕರಾರು ತೆಗೆಯಬಹುದು, ತೆಗೆಯಲಿ. ಆದರೆ ಪರರಿಗೆ ಕೇಳಿದ ಪ್ರಶ್ನೆಯನ್ನು ತನ್ನವರಿಗೂ ಕೇಳುವ ಲೇಖಕರು ಕಡಿಮೆ. ಜನ ಸುವಾರ್ತೆಯನ್ನು ಓದುವುದು ಊರಿನ ಸಭೆ ಬಾಳುವ ರೀತಿಯಲ್ಲಿ ಎಂಬುದು ಈ ಪುಸ್ತಕದ ತಿರುಳು.

ಅವರಿಗಿಂತ ಹಿಂದೆಯೇ, 1912ರಲ್ಲಿ, ರೋಲಂಡ್ ಅಲೆನ್ ‘ಮಿಶನರಿ ಮೆಥಡ್ಸ್: ಸೇಂಟ್ ಪಾಲ್ಸ್ ಆರ್ ಅವರ್ಸ್?’ ಬರೆದಿದ್ದರು. ಚೀನಾದಲ್ಲಿ ಮಿಶನರಿಯಾಗಿದ್ದು, ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ಮುತ್ತಿಗೆಯನ್ನೂ ಕಂಡವರು ಅವರು. ಅಪೊಸ್ತಲ ಪೌಲ ಒಂದು ಊರಿನಲ್ಲಿ ಕೆಲಕಾಲವಿದ್ದು, ಸಭೆಯನ್ನು ಅಲ್ಲಿನವರಿಗೇ ಒಪ್ಪಿಸಿ ಮುಂದೆ ಹೋದ; ನಾವೋ ದಶಕಗಟ್ಟಲೆ ಕೂತು ಹಣವನ್ನೂ ಅಧಿಕಾರವನ್ನೂ ಕೈಯಲ್ಲೇ ಇಟ್ಟುಕೊಂಡೆವು ಎಂಬುದು ಅವರ ದೂರು. ಸಾಮ್ರಾಜ್ಯದ ನಡುಹಗಲಿನಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕಿತ್ತು.

ದಕ್ಷಿಣ ಆಫ್ರಿಕದ ಡೇವಿಡ್ ಬಾಷ್ ಬರೆದ ‘ಟ್ರಾನ್ಸ್‌ಫಾರ್ಮಿಂಗ್ ಮಿಶನ್’ (1991) ಐನೂರು ಪುಟ ಮೀರಿದ ಹೊತ್ತಗೆ. ದೇವಶಾಸ್ತ್ರದ ತರಗತಿಗಳಲ್ಲಿ ಅದು ಪಠ್ಯವಾಗಿದೆ. ಹೊಸಬರಿಗೆ ಅದು ಭಾರ; ಮಿಶನ್ನಿನ ಚಿಂತನೆ ಕಾಲಕಾಲಕ್ಕೆ ಬದಲಾದ ಬಗೆಯನ್ನು ಹೇಳುವ ನಡುವಿನ ಭಾಗವನ್ನು ಮೊದಲು ಓದಿದರೆ ಸಾಕು.

ಕನ್ನಡಿಗರಿಗೆ ಹತ್ತಿರವಾಗುವುದು ಲಾಮಿನ್ ಸಾನ್ನೆ ಅವರ ‘ಟ್ರಾನ್ಸ್‌ಲೇಟಿಂಗ್ ದ ಮೆಸೇಜ್’ (1989). ಗ್ಯಾಂಬಿಯಾದ ಮುಸ್ಲಿಂ ಮನೆಯಲ್ಲಿ ಹುಟ್ಟಿ ಕ್ರೈಸ್ತರಾದ ಇವರು ಯೇಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಮಿಶನರಿಗಳು ಸತ್ಯವೇದವನ್ನು ದೇಶಭಾಷೆಗಳಿಗೆ ತಂದಾಗ, ಅವರ ಉದ್ದೇಶ ಏನೇ ಇರಲಿ, ಆ ನುಡಿಗಳಿಗೂ ಜನರಿಗೂ ಬಲ ಬಂತು ಎಂಬುದು ಇವರ ವಾದ. ಬಾಸೆಲ್ ಮಿಶನ್ನಿನ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ (1843), ಕಿಟ್ಟೆಲರ ನಿಘಂಟು (1894) ಎದುರಿಗಿರುವಾಗ ಇದನ್ನು ತಳ್ಳಿಹಾಕುವುದು ನಮಗೆ ಕಷ್ಟ. ವಸಾಹತು ಆಡಳಿತದೊಂದಿಗೆ ಮಿಶನ್ನಿಗಿದ್ದ ನಂಟನ್ನು ಮಾತ್ರ ಸಾನ್ನೆ ತುಸು ಹಗುರ ಮಾಡುತ್ತಾರೆ.

ಭಾರತದ ದನಿ ಬೇಕೆನ್ನುವವರು ಎಂ.ಎಂ. ಥಾಮಸ್ ಅವರನ್ನು ಹುಡುಕಲಿ. ಬೆಂಗಳೂರಿನ ಕ್ರೈಸ್ತ ಧರ್ಮ-ಸಮಾಜ ಅಧ್ಯಯನ ಸಂಸ್ಥೆಯನ್ನು ನಡೆಸಿದ, ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರಾದ ಚಿಂತಕರು. ರಾಮಮೋಹನ ರಾಯರಿಂದ ಗಾಂಧಿಯವರೆಗೆ ಭಾರತೀಯರು ಕ್ರಿಸ್ತನನ್ನು ಕಂಡ ಬಗೆಯನ್ನು ಅವರು ಬರೆದಿದ್ದಾರೆ.

ಒಂದೇ ಪುಸ್ತಕಕ್ಕೆ ಬಿಡುವಿದ್ದವರು ನ್ಯೂಬಿಗಿನ್ ಅವರನ್ನು ಓದಿ. ಎರಡಕ್ಕೆ ಬಿಡುವಿದ್ದರೆ, ಜೊತೆಗೆ ಥಾಮಸ್ ಅವರನ್ನೂ ಓದಿ. ನ್ಯೂಬಿಗಿನ್ ಜೊತೆ ತಕರಾರು ಮಾಡಲು ಬೇಕಾದದ್ದು ಅಲ್ಲಿ ಸಿಗುತ್ತದೆ.