ಗಾಜಿನ ತೊಟ್ಟಿಗೆ ಯಾವ ಮೀನು?

ಬಾಪ ತೀರಿಕೊಂಡ ಮೇಲೆ ಉಮ್ಮ ಇದ್ದತ್ ಕುಳಿತಿದ್ದ ದಿನಗಳವು. ನಾಲ್ಕು ತಿಂಗಳು ಹತ್ತು ದಿನ. ನಾವೆಲ್ಲ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದರೆ ಮಧ್ಯಾಹ್ನ ಮನೆ ಬಿಕೋ ಎನ್ನುತ್ತಿತ್ತು. ಝುಹರ್ ನಮಾಝ್, ಕುರ್‌ಆನ್ ಪಾರಾಯಣ ಮುಗಿದ ಬಳಿಕವೂ ಅಸರ್‌ವರೆಗೆ ಹೊತ್ತು ಹೋಗುತ್ತಿರಲಿಲ್ಲ. ಕಣ್ಣಿಗೊಂದು ಸಮಾಧಾನವಿರಲಿ ಎಂದು ತಮ್ಮ ಅಕ್ವೇರಿಯಂ ತಂದಿಟ್ಟ. ಅಂಗಡಿಯವನು ಹಿಡಿದು ಕೊಟ್ಟ ಮೀನುಗಳನ್ನು ಅದೇ ದಿನ ಹೊಸ ನೀರಿಗೆ ಬಿಟ್ಟೆವು. ಎರಡು ಗೋಲ್ಡ್ ಫಿಶ್, ಎರಡು ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಒಂದು ಸಕ್ಕರ್.

ಮೂರನೇ ದಿನಕ್ಕೆ ಟೈಗರ್ ಬಾರ್ಬ್‌ಗಳು ಏಂಜೆಲ್‌ಗಳ ಉದ್ದನೆಯ ರೆಕ್ಕೆಗಳನ್ನು ಕಚ್ಚಿ ಚಿಂದಿ ಮಾಡಿದ್ದವು. ವಾರದೊಳಗೆ ಗೋಲ್ಡ್ ಫಿಶ್ ಎರಡೂ ಸತ್ತು ತೇಲಿದವು. "ಇದನ್ನು ತೆಗೆದುಕೊಂಡು ಹೋಗು ಮೋನೇ, ಇನ್ನೊಂದು ಸಾವು ನೋಡಲು ನನ್ನಿಂದಾಗದು" ಎಂದು ಉಮ್ಮ ಅತ್ತರು. ಸಾಂತ್ವನಕ್ಕೆಂದು ತಂದದ್ದು ನೋವಾಯಿತು.

ತಪ್ಪು ಮೀನಿನದ್ದಲ್ಲ, ನಮ್ಮದೇ. ಬೆಕ್ಕನ್ನು ಕೂಡಿ ಹಾಕಿ, ತಾನೂ ಆಹಾರ ಕೊಡದೆ, ಅದಾಗಿಯೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಯೊಬ್ಬಳು ಶಿಕ್ಷೆಗೆ ಗುರಿಯಾದುದನ್ನು ಪ್ರವಾದಿ(ಸ)ರು ತಿಳಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹಾಗೆಂದು ಪ್ರಾಣಿ ಸಾಕುವುದೇ ತಪ್ಪೆಂದಲ್ಲ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ಒಂದು ಸಣ್ಣ ಹಕ್ಕಿ ಇತ್ತು. ಅದು ಸತ್ತು ಹುಡುಗ ಸಪ್ಪಗಾಗಿದ್ದಾಗ ಪ್ರವಾದಿ(ಸ)ರು ಅದರ ಬಗ್ಗೆ ಅಕ್ಕರೆಯಿಂದ ವಿಚಾರಿಸಿದ್ದರು. ಚೆನ್ನಾಗಿ ನೋಡಿಕೊಳ್ಳುವುದಾದರೆ ಹಕ್ಕಿ ಸಾಕಬಹುದು ಎಂಬುದಕ್ಕೆ ವಿದ್ವಾಂಸರು ಈ ಹದೀಸನ್ನೇ ಆಧಾರವಾಗಿಸುತ್ತಾರೆ. ಮೀನಿಗೂ ಅದೇ ಷರತ್ತು. ಬೆಕ್ಕು ಹಸಿದರೆ ಕೂಗುತ್ತದೆ, ಮೀನಿಗೆ ಆ ದಾರಿಯೂ ಇಲ್ಲ.

ಮೀನು ನೋಡುವುದರಿಂದ ಮನಸ್ಸು ಹಗುರಾಗುತ್ತದೆ ಎಂಬುದು ಬರೀ ಮಾತಲ್ಲ. ಇಂಗ್ಲೆಂಡಿನ ಪ್ಲಿಮತ್ ನಗರದ ರಾಷ್ಟ್ರೀಯ ಸಾಗರ ಅಕ್ವೇರಿಯಂನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಟ್ಟಿಯನ್ನು ನೋಡುತ್ತಾ ನಿಂತವರ ಹೃದಯ ಬಡಿತವೂ ರಕ್ತದೊತ್ತಡವೂ ಇಳಿದದ್ದು ಕಂಡುಬಂತು. ಆದರೆ ಒಂದನ್ನೊಂದು ಅಟ್ಟಾಡಿಸುವ ಮೀನುಗಳನ್ನು ನೋಡಿದರೆ ಯಾರ ಒತ್ತಡ ತಾನೇ ಇಳಿದೀತು?

ನಮ್ಮ ಮೀನುಗಳು ಸತ್ತದ್ದೇಕೆ? ಮೀನಿನ ವಿಸರ್ಜನೆಯಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ವಿಷ. ಫಿಲ್ಟರ್‌ನ ಸ್ಪಂಜಿನಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅಲ್ಲಾಹನ ವ್ಯವಸ್ಥೆ ಎಷ್ಟು ಸೂಕ್ಷ್ಮ ನೋಡಿ. ಆದರೆ ಅವು ಬೆಳೆಯಲು 4ರಿಂದ 6 ವಾರ ಬೇಕು. ಮೀನಿಲ್ಲದೆಯೇ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತಾ ಕಾಯಬೇಕು. ಆರೋಗ್ಯವಂತ ಮೀನುಗಳಿರುವ ಹಳೆಯ ತೊಟ್ಟಿಯಿಂದ ಫಿಲ್ಟರಿನ ಸ್ಪಂಜಿನ ತುಂಡು ಸಿಕ್ಕಿದರೆ ಕೆಲಸ ಬೇಗ ಆಗುತ್ತದೆ. ನಾವು ಕಾದಿದ್ದು ಒಂದು ಗಂಟೆ!

ಇನ್ನು ಮೀನಿನ ಆಯ್ಕೆ. 2 ಅಡಿ ಉದ್ದ, ತಲಾ 1 ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ನೀರೇ 55 ಕೆ.ಜಿ., ಆದ್ದರಿಂದ ಮೇಜು ಗಟ್ಟಿಯಿರಲಿ. ಮೊದಲು ನಿಮ್ಮ ನೀರು ಎಂಥದ್ದೆಂದು ತಿಳಿಯಿರಿ. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ, ಸಾಬೂನು ಸರಿಯಾಗಿ ನೊರೆ ಬಾರದ ಬೋರ್‌ವೆಲ್ ನೀರಾದರೆ ಅದು ಗಡಸು. ಅದಕ್ಕೆ ಗಪ್ಪಿ, ಪ್ಲಾಟಿ ಚೆನ್ನ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿಗಳಿಗೆ ಬಿಡುವುದೂ ಗಪ್ಪಿಯನ್ನೇ, ಅಷ್ಟು ಗಟ್ಟಿ ಜೀವ. ಆದರೆ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಬಣ್ಣದ ಬಾಲದ ಗಂಡುಗಳನ್ನು ಮಾತ್ರ ತಂದರೆ ಆ ತಾಪತ್ರಯವಿಲ್ಲ.

ಕರಾವಳಿಯ ಕೆಂಪುಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೃದು. ಅದಕ್ಕೆ ನಿಯಾನ್ ಟೆಟ್ರಾ ಒಪ್ಪುತ್ತದೆ. ನೀಲಿ ಗೆರೆ, ಕೆಂಪು ಬಾಲದ ಬುಡ, ಇಂಚೂವರೆ ಗಾತ್ರ. ಒಂಟಿಯಾದರೆ ಹೆದರಿ ಮೂಲೆ ಸೇರುತ್ತದೆ, ಆರೋ ಎಂಟೋ ಇದ್ದರೆ ಒಟ್ಟಾಗಿ ಸುಳಿಯುತ್ತದೆ. ಜೊತೆಗೊಂದು ಹನಿ ಗೌರಾಮಿ ಇರಲಿ. ಅಸ್ಸಾಂ, ಬಾಂಗ್ಲಾದೇಶದ ಕಡೆಯ ಜೇನು ಬಣ್ಣದ ಈ ನಾಚಿಕೆಯ ಮೀನು ದಾರದಂತಹ ಎರಡು ಮೀಸೆಗಳಿಂದ ಎಲೆಗಳನ್ನು ಮುಟ್ಟಿ ನೋಡುತ್ತಾ ನಿಧಾನಕ್ಕೆ ತೇಲುತ್ತದೆ. ಉಮ್ಮನಿಗೆ ಬಹಳ ಹಿಡಿಸಿದ್ದು ಇದೇ. ಝೀಬ್ರಾ ಮೀನು ಯಾರಿಗೂ ತೊಂದರೆ ಕೊಡದು, ಆದರೆ ಒಂದು ಕ್ಷಣವೂ ನಿಲ್ಲದು. ಸಾಧುವಾದ ಮೀನೆಲ್ಲ ಮನಸ್ಸನ್ನು ನಿಧಾನಗೊಳಿಸುವ ಮೀನಲ್ಲ.

ಚಿಕ್ಕ ತೊಟ್ಟಿಗೆ ಬೇಡವಾದವು: ಅಡಿಗೂ ಮೀರಿ ಬೆಳೆಯುವ ಸಕ್ಕರ್, ಬಹಳ ಗಲೀಜು ಮಾಡುವ ಗೋಲ್ಡ್ ಫಿಶ್, ದೊಡ್ಡದಾದ ಮೇಲೆ ನಿಯಾನ್‌ಗಳನ್ನೇ ನುಂಗುವ ಏಂಜೆಲ್. ಬೇಡವಾದ ಸಕ್ಕರನ್ನು ಕೆರೆಗೆ ಬಿಡುವುದು ದಯೆಯಲ್ಲ, ಅಲ್ಲಿನ ಮೀನುಗಳಿಗೆ ಅದು ಕಂಟಕ. ಸೂಜಿಯಿಂದ ಬಣ್ಣ ಚುಚ್ಚಿದ ಗಾಜುಮೀನನ್ನಂತೂ ಕೊಳ್ಳಲೇಬೇಡಿ.

ಕೆಲವು ಅಂಗಡಿಗಳಲ್ಲಿ ಅರೋವನಾ, ಫ್ಲವರ್‌ಹಾರ್ನ್‌ಗಳನ್ನು ಅದೃಷ್ಟದ ಮೀನು, ವಾಸ್ತು ಮೀನು ಎಂದು ಸಾವಿರಾರು ರೂಪಾಯಿಗೆ ಮಾರುತ್ತಾರೆ. ಮೀನು ಸತ್ತರೆ ಮನೆಯವರ ಮೇಲಿನ ಆಪತ್ತನ್ನು ಅದೇ ಹೊತ್ತುಕೊಂಡಿತು ಎಂಬ ಸಮಜಾಯಿಷಿ ಬೇರೆ. ನಮ್ಮವರೂ ಇದನ್ನು ನಂಬಿ ಕೊಳ್ಳುವುದನ್ನು ಕಂಡಿದ್ದೇನೆ. ಒಳಿತು ಕೆಡುಕು ಅಲ್ಲಾಹನ ಕೈಯಲ್ಲಿದೆ ಎಂದು ವಿಶ್ವಾಸವಿರುವ ಮನೆಯಲ್ಲಿ ಈ ಮಾತಿಗೆ ಜಾಗವೆಲ್ಲಿ? ಅಷ್ಟಕ್ಕೂ ಫ್ಲವರ್‌ಹಾರ್ನ್ ಮಹಾ ಜಗಳಗಂಟ, ಒಂಟಿಯಾಗಿಯೇ ಇಡಬೇಕು.

ಆರೈಕೆ ದೊಡ್ಡದೇನಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ನೀರನ್ನು ಅಗಲ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಬಳಸಿ. ಸ್ಪಂಜನ್ನು ನಲ್ಲಿಯಡಿ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಇಲ್ಲವಾದರೆ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ನಮ್ಮ ಎರಡನೇ ತೊಟ್ಟಿಗೆ ಮೀನು ಬಂದಾಗ ಉಮ್ಮನ ಇದ್ದತ್ ಮುಗಿಯಲು ಇಪ್ಪತ್ತು ದಿನವಷ್ಟೇ ಉಳಿದಿತ್ತು. ಇದ್ದತ್ ಮುಗಿದ ಮೇಲೂ ತೊಟ್ಟಿ ಅದೇ ಕಿಟಕಿಯ ಪಕ್ಕದ ಗೋಡೆಯಲ್ಲಿದೆ. ಝುಹರ್ ಆದ ಮೇಲೆ ಉಮ್ಮನ ಕುರ್ಚಿಯೂ ಅಲ್ಲೇ. ಮೊಮ್ಮಗ ಆಹಾರದ ಡಬ್ಬಿ ತೆರೆದರೆ "ಒಂದು ಚಿಟಿಕೆ ಸಾಕು ಮೋನೇ" ಎಂದು ಕೈ ಹಿಡಿಯುತ್ತಾರೆ.