ಬೈಕಿನ ಬ್ರೇಕ್ ಡಿಸ್ಕ್ ಯಾವಾಗ ಬದಲಿಸಬೇಕು?

ಕನಕಪುರ ರಸ್ತೆಯ ಸಾರಕ್ಕಿ ಸಿಗ್ನಲ್ ಬಳಿ ಬೆಳಗ್ಗೆ ಸ್ವಲ್ಪ ಹೊತ್ತು ನಿಂತರೆ, ಎಷ್ಟು ವಿದ್ಯಾರ್ಥಿಗಳು ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತು ಕಾಲೇಜಿಗೆ ಹೋಗುತ್ತಾರೆ ಎಂಬುದು ತಿಳಿಯುತ್ತದೆ. ನಮ್ಮ ತರಗತಿಯಲ್ಲೂ ಅಣ್ಣನ, ಅಬ್ಬಾರ ಅಥವಾ ಮಾಮೂರ ಬೈಕಿನಲ್ಲಿ ಬರುವವರೇ ಹೆಚ್ಚು. ಮನೆಯಲ್ಲಿ ಪೆಟ್ರೋಲ್ ದರದ ಬಗ್ಗೆ, ಮೈಲೇಜ್ ಬಗ್ಗೆ ಮಾತು ನಡೆಯುತ್ತದೆ. ಆದರೆ ಬೈಕನ್ನು ನಿಲ್ಲಿಸುವ ಡಿಸ್ಕ್ ಎಷ್ಟು ಸವೆದಿದೆ ಎಂದು ಕೇಳುವವರು ಕಡಿಮೆ. ಡಿಸ್ಕ್ ಹೇಗೆ ಕೆಲಸ ಮಾಡುತ್ತದೆ, ಯಾವಾಗ ಬದಲಿಸಬೇಕು, ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ತಿಳಿಯೋಣ.

ಡಿಸ್ಕ್ ಮಾಡುವ ಕೆಲಸ

ಮುಂದಿನ ಚಕ್ರದ ಪಕ್ಕದಲ್ಲಿ ತೂತುಗಳಿರುವ ತಟ್ಟೆಯಂಥ ಉಕ್ಕಿನ ಭಾಗವೇ ಡಿಸ್ಕ್. ಅದು ಚಕ್ರದ ಜೊತೆಗೇ ತಿರುಗುತ್ತದೆ. ಲಿವರ್ ಒತ್ತಿದಾಗ ಬ್ರೇಕ್ ಆಯಿಲ್‌ನ ಒತ್ತಡ ಕ್ಯಾಲಿಪರ್‌ಗೆ ತಲುಪುತ್ತದೆ. ಕ್ಯಾಲಿಪರ್ ಒಳಗಿನ ಎರಡು ಪ್ಯಾಡ್‌ಗಳು ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಈ ಘರ್ಷಣೆಯಲ್ಲಿ ಬೈಕಿನ ವೇಗ ಶಾಖವಾಗಿ ಬದಲಾಗುತ್ತದೆ.

ಎಷ್ಟು ಶಾಖ? ಹೈಸ್ಕೂಲಿನಲ್ಲಿ ಕಲಿತ ಸೂತ್ರದಿಂದಲೇ ಲೆಕ್ಕ ಹಾಕಬಹುದು. ಬೈಕು ಮತ್ತು ಇಬ್ಬರು ಸವಾರರು ಸೇರಿ 270 ಕಿಲೋ ಎಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಲನ ಶಕ್ತಿ ಸುಮಾರು 16,700 ಜೌಲ್. 60 ಕಿ.ಮೀ. ವೇಗದಲ್ಲಿ ಅದು 37,500 ಜೌಲ್. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ಬ್ರೇಕ್ ಹೊರಬೇಕಾದ ಹೊರೆ ಎರಡೂಕಾಲು ಪಟ್ಟು ಹೆಚ್ಚುತ್ತದೆ. ಈ ಶಕ್ತಿಯೆಲ್ಲ ಒಂದು ಕಿಲೋ ಉಕ್ಕಿನ ಡಿಸ್ಕ್‌ಗೆ ಹೋದರೆ ಒಂದೇ ಸಲಕ್ಕೆ ಅದರ ಬಿಸಿ ಸುಮಾರು 75 ಡಿಗ್ರಿ ಏರುತ್ತದೆ. ಡಿಸ್ಕ್ ತೆಳುವಾದಷ್ಟೂ ಬೇಗ ಬಿಸಿಯಾಗುತ್ತದೆ, ಬೇಗ ಬಾಗುತ್ತದೆ, ಬಿರುಕು ಬಿಡುವ ಸಾಧ್ಯತೆಯೂ ಹೆಚ್ಚುತ್ತದೆ.

ಡಿಸ್ಕ್ ಮೇಲೇ ಬರೆದಿರುವ ಮಿತಿ

ಹೆಚ್ಚಿನ ಡಿಸ್ಕ್‌ಗಳ ಮೇಲೆ ‘ಮಿನ್ ಟಿಎಚ್’ ಎಂದು ಇಂಗ್ಲಿಷಿನಲ್ಲಿ ಕೊರೆದು, ಮುಂದೆ ಒಂದು ಸಂಖ್ಯೆ ಹಾಕಿರುತ್ತಾರೆ. ಅದು ಕನಿಷ್ಠ ದಪ್ಪ. ಮಾಡೆಲ್‌ನಿಂದ ಮಾಡೆಲ್‌ಗೆ ಈ ಸಂಖ್ಯೆ ಬೇರೆಯಾಗುತ್ತದೆ. ದಪ್ಪ ಅದಕ್ಕಿಂತ ಕಡಿಮೆಯಾದರೆ ಡಿಸ್ಕ್ ಬದಲಿಸಲೇಬೇಕು. ಹೊಸ ಪ್ಯಾಡ್ ಹಾಕಿದರೂ ತೆಳುವಾದ ಡಿಸ್ಕ್ ಸರಿಹೋಗುವುದಿಲ್ಲ.

ಅಳೆಯುವಾಗ ಒಂದು ಎಚ್ಚರಿಕೆ ಬೇಕು. ಪ್ಯಾಡ್ ಉಜ್ಜುವ ಜಾಗ ಮಾತ್ರ ಸವೆಯುತ್ತದೆ, ಹೊರ ಅಂಚು ದಪ್ಪವಾಗಿಯೇ ಉಳಿಯುತ್ತದೆ. ವರ್ನಿಯರ್ ಆ ಅಂಚಿನ ಮೇಲೆ ಕುಳಿತರೆ ಡಿಸ್ಕ್ ಚೆನ್ನಾಗಿದೆ ಎಂಬ ತಪ್ಪು ಲೆಕ್ಕ ಸಿಗುತ್ತದೆ. ಆದ್ದರಿಂದ ಪ್ಯಾಡ್ ಉಜ್ಜುವ ಜಾಗದಲ್ಲೇ, ಮೂರು ನಾಲ್ಕು ಕಡೆ, ಮೈಕ್ರೋಮೀಟರ್‌ನಿಂದ ಅಳೆಯಬೇಕು.

ಅಳತೆ ಮಾಡದೆಯೂ ಕಾಣುವ ಲಕ್ಷಣಗಳಿವೆ. ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಬಡಿದಂತೆ ಅದುರಿದರೆ ಡಿಸ್ಕ್ ಬಾಗಿರಬಹುದು. ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಏಣು ಇದ್ದರೆ ಸವೆತ ಹೆಚ್ಚಾಗಿದೆ. ಕಿರ್ ಎಂಬ ಲೋಹದ ಸದ್ದು ಬಂದರೆ ಪ್ಯಾಡ್ ಪೂರ್ತಿ ಮುಗಿದು, ಅದರ ಹಿಂದಿನ ಲೋಹದ ತಗಡು ಡಿಸ್ಕನ್ನು ಕೆರೆಯುತ್ತಿರಬಹುದು. ತೂತುಗಳ ಸುತ್ತ ಬಿರುಕು ಕಂಡರೆ ಆ ಬೈಕನ್ನು ಓಡಿಸಲೇಬಾರದು. ಮುಟ್ಟಿ ನೋಡುವುದು ಬೈಕು ತಣ್ಣಗಾದ ಮೇಲೆ ಮಾತ್ರ.

ಕಾಮರ್ಸ್ ವಿದ್ಯಾರ್ಥಿಯ ಲೆಕ್ಕ

ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ನಾವು ‘ಸವಕಳಿ’ ಪಾಠ ಓದುತ್ತೇವೆ. ಡಿಸ್ಕ್‌ನಲ್ಲಿ ಅದೇ ಸವಕಳಿ ಕೈಗೆ ಸಿಗುತ್ತದೆ. ನಮ್ಮ ಮನೆಯ ಬೈಕು 2011ರದು. ಅಬ್ಬಾ ಅದರಲ್ಲೇ ಅಂಗಡಿಗೆ ಸಾಮಾನು ತರುತ್ತಾರೆ, ನನ್ನನ್ನು ಕಾಲೇಜಿಗೆ ಬಿಡುತ್ತಾರೆ. ‘ಬ್ರೇಕ್ ಲಗ್ರಾ ನಾ, ಬಸ್’ ಎನ್ನುವುದು ಅವರ ಮಾತು. ಬ್ರೇಕ್ ಹಿಡಿಯುತ್ತಿದೆಯಲ್ಲ, ಸಾಕು ಎಂದರ್ಥ. ನಾನು ಅವರಿಗೆ ಲೆಕ್ಕ ಬರೆದು ತೋರಿಸಿದೆ.

ಹೊಸದಾಗಿದ್ದಾಗ ಡಿಸ್ಕ್ 4 ಮಿ.ಮೀ., ಕನಿಷ್ಠ ಮಿತಿ 3.5 ಮಿ.ಮೀ. ಅಂದರೆ ನಾವು ಬಳಸಬಹುದಾದದ್ದು ಅರ್ಧ ಮಿಲಿಮೀಟರ್ ಮಾತ್ರ. 40,000 ಕಿ.ಮೀ. ಓಡಿದ ಮೇಲೆ ಮೆಕ್ಯಾನಿಕ್ ಅಳೆದಾಗ 3.6 ಮಿ.ಮೀ. ಬಂತು. ಪ್ರತಿ 10,000 ಕಿ.ಮೀ.ಗೆ 0.1 ಮಿ.ಮೀ. ಹೋಗಿದೆ. ಉಳಿದಿರುವುದು ಇನ್ನು 10,000 ಕಿ.ಮೀ. ತಿಂಗಳಿಗೆ 500 ಕಿ.ಮೀ. ಓಡಿದರೆ 20 ತಿಂಗಳು. ಪುಸ್ತಕದಲ್ಲಿ ಯಂತ್ರದ ಸವಕಳಿ ಮುಗಿದರೂ ಅದನ್ನು ಬಳಸುತ್ತಾ ಹೋಗಬಹುದು. ಡಿಸ್ಕ್‌ನಲ್ಲಿ ಹಾಗಿಲ್ಲ. ಆ 3.5 ಮಿ.ಮೀ. ಬಳಸುವುದಕ್ಕೆ ಇರುವುದಲ್ಲ. ಈ ಲೆಕ್ಕ ನೋಡಿದ ಅಬ್ಬಾ ತಿಂಗಳು ತಿಂಗಳು ಸ್ವಲ್ಪ ಹಣ ತೆಗೆದಿಡಲು ಒಪ್ಪಿದರು. ನಮ್ಮ ಭಾಷೆಯಲ್ಲಿ ಇದಕ್ಕೆ ‘ಪ್ರಾವಿಷನ್’ ಎನ್ನುತ್ತೇವೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಬೈಕಿನ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆಯ ಕೆಎ 05 ಬೈಕುಗಳಿಗೆ ಅದು ಜಯನಗರ ಆರ್‌ಟಿಒ. ಅಲ್ಲಿ ವಾಹನವನ್ನು ತೋರಿಸಬೇಕು, ಬ್ರೇಕ್ ಸರಿಯಾಗಿರಬೇಕು.

15 ವರ್ಷ ಆಗಿಲ್ಲ ಎಂದು ಸುಮ್ಮನಿರುವಂತೆಯೂ ಇಲ್ಲ. ಇದೇ ಕಾಯ್ದೆಯ 190ನೇ ಸೆಕ್ಷನ್ ಅಪಾಯಕಾರಿ ದೋಷವಿರುವ ವಾಹನವನ್ನು ರಸ್ತೆಗಿಳಿಸುವುದು ಅಪರಾಧ ಎನ್ನುತ್ತದೆ. ದೋಷ ಗೊತ್ತಿದ್ದವರು ಮಾತ್ರವಲ್ಲ, ಸಾಮಾನ್ಯ ಎಚ್ಚರ ವಹಿಸಿದ್ದರೆ ಅದನ್ನು ಕಂಡುಹಿಡಿಯಬಹುದಾಗಿದ್ದವರೂ ಹೊಣೆಗಾರರು. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಜೈಲು ಶಿಕ್ಷೆಯೂ ಆಗಬಹುದು. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಸಾಲುವುದಿಲ್ಲ.

2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಎಬಿಎಸ್ ಚಕ್ರ ಲಾಕ್ ಆಗದಂತೆ ತಡೆಯುತ್ತದೆ. ಆದರೆ ಸವೆದ ಡಿಸ್ಕನ್ನು ಅದು ದಪ್ಪ ಮಾಡುವುದಿಲ್ಲ.

ಬದಲಿಸುವಾಗ ಗಮನಿಸಬೇಕಾದದ್ದು

ಇದು ಅನುಭವಿ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ನಾವು ಪಕ್ಕದಲ್ಲಿ ನಿಂತು ಇಷ್ಟನ್ನು ಗಮನಿಸಬಹುದು:

1. ಡಿಸ್ಕ್ ಅದೇ ಮಾಡೆಲ್‌ನದ್ದಾಗಿರಬೇಕು. ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕಿಗೇ ಇರಬೇಕು.
2. ಹೊಸ ಡಿಸ್ಕ್ ಜೊತೆ ಹೊಸ ಪ್ಯಾಡ್ ಹಾಕಿಸಬೇಕು. ಹಳೆಯ ಪ್ಯಾಡ್ ಹಳೆಯ ಡಿಸ್ಕ್‌ನ ಗೀರುಗಳಿಗೆ ಹೊಂದಿಕೊಂಡಿರುತ್ತದೆ.
3. ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಬೇಕು.
4. ಡಿಸ್ಕ್ ಮೇಲಿನ ಎಣ್ಣೆಯ ಲೇಪವನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬೇಕು. ಒಂದು ತೊಟ್ಟು ಗ್ರೀಸ್ ಕೂಡ ಬ್ರೇಕ್ ಹಿಡಿತವನ್ನು ಕೆಡಿಸುತ್ತದೆ.
5. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷ ಕಳೆದಿದ್ದರೆ ಅದನ್ನೂ ಬದಲಿಸಿ.
6. ಗಾಡಿ ತೆಗೆಯುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಮೊದಲ ಕೆಲವು ದಿನ ನಿಧಾನವಾಗಿ ಓಡಿಸಬೇಕು.

ಬಿಡಿಭಾಗವನ್ನು ಜೆ.ಸಿ. ರಸ್ತೆಯಲ್ಲಿ ಕೊಂಡರೂ ಸರ್ವಿಸ್ ಸೆಂಟರ್‌ನಲ್ಲಿ ಕೊಂಡರೂ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 2,000 ರೂಪಾಯಿಯ ವಸ್ತುವಿಗೆ 200 ರೂಪಾಯಿ ಉಳಿತಾಯ. ಬಿಲ್ ಇಲ್ಲದ ಅಗ್ಗದ ಡಿಸ್ಕ್ ನಕಲಿಯಾಗಿದ್ದರೆ ಯಾರನ್ನೂ ಕೇಳುವಂತಿಲ್ಲ.

ಸ್ನೇಹಿತರೆ, ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ 18 ತುಂಬಿಲ್ಲ, ಗೇರ್ ಬೈಕ್ ಓಡಿಸುವ ಲೈಸೆನ್ಸ್ ಸಿಗುವುದಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಕೂರುವವರು ನಾವೇ. ಈ ಭಾನುವಾರ ಮನೆಯ ಬೈಕಿನ ಡಿಸ್ಕ್ ಮೇಲಿರುವ ಸಂಖ್ಯೆಯನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಮುಂದಿನ ಸರ್ವಿಸ್‌ನಲ್ಲಿ ಮೆಕ್ಯಾನಿಕ್‌ಗೆ ಆ ಚೀಟಿ ಕೊಟ್ಟು ಅಳೆಸಿ. ಇದಕ್ಕೆ ಐದು ನಿಮಿಷವೂ ಬೇಡ.